ಬಿಕ್ಕಲಂ: ಇಮಾಮ್ ಸಾಬ್

ಇಮಾಮ್ ಸಾಬರ ಬಾಯಲ್ಲಿ ಎಡ, ಬಲ ಎಂಬ ಮಾತು ಬಂದದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಅವರ ಪಾಲಿಗೆ ಇದ್ದದ್ದು ನಾಲ್ಕೇ: ಮೂಡಲು, ಪಡುವಲು, ತೆಂಕಲು, ಬಡಗಲು. ಟೀ ಲೋಟ ಕಾಗದಕ್ಕೆ ತಾಗುವಂತಿದ್ದರೆ ಅದನ್ನು ಒಂಚೂರು ಬಡಗಲಿಗೆ ಸರಿಸು ಎನ್ನುತ್ತಿದ್ದರು. ಒಮ್ಮೆ ಹಲ್ಲುನೋವೆಂದು ಡಾಕ್ಟರ ಹತ್ತಿರ ಹೋದಾಗ, ನೋವು ಯಾವ ಕಡೆ ಎಂದು ಕೇಳಿದ್ದಕ್ಕೆ, ಕಿಟಕಿಯ ಬಿಸಿಲು ನೋಡಿ ದಿಕ್ಕು ಗೊತ್ತುಮಾಡಿಕೊಂಡು "ತೆಂಕ್ಲ ದವಡೆ ಸಾರ್" ಎಂದಿದ್ದರಂತೆ. ಡಾಕ್ಟರು ಅವರ ಕುರ್ಚಿ ತಿರುಗಿಸಿಕೊಂಡು ಇನ್ಯಾವುದೋ ಹಲ್ಲು ಅಲ್ಲಾಡಿಸಿದರಂತೆ. ಈ ಕಥೆಯನ್ನು ಅವರೇ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಲವತ್ತು ವರ್ಷ ಊರವರ ಹೊಲ ಮನೆಗಳಿಗೆ ಚಕ್ಕುಬಂದಿ ಬರೆದವರು ಅವರು. ಒಂದು ಜಾಗದ ನಾಲ್ಕು ದಿಕ್ಕಿಗೆ ಯಾರ ಗೋಡೆ, ಯಾರ ಬೇಲಿ, ಯಾವ ದಾರಿ ಎಂದು ಬರೆಯುವುದೇ ಚಕ್ಕುಬಂದಿ. ಬರೆದು ಬರೆದು ಮನುಷ್ಯನ ಮೈಯೂ ಅವರಿಗೆ ನಾಲ್ಕು ಎಲ್ಲೆಯ ಆಸ್ತಿಯಾಗಿಯೇ ಕಾಣುತ್ತಿತ್ತು.

ಅವರ ಮನೆ ನ್ಯಾಮತಿಯಲ್ಲಿ. ದಿನಾ ಬೆಳಗ್ಗೆ ಬಸ್ಸು ಹತ್ತಿ ಹೊನ್ನಾಳಿಗೆ ಬಂದು, ನೋಂದಣಿ ಕಚೇರಿಯ ಎದುರಿನ ಸಾಲಿನಲ್ಲಿದ್ದ ಒಂದೇ ಬಾಗಿಲಿನ ಅಂಗಡಿ ತೆರೆಯುತ್ತಿದ್ದರು. ಸರ್ಕಾರದ ಭಾಷೆಯಲ್ಲಿ ಪತ್ರ ಬರಹಗಾರರು, ಜನರ ಬಾಯಲ್ಲಿ ಬಾಂಡ್ ರೈಟರ್. ಬೇರೆ ಅಂಗಡಿಗಳಲ್ಲಿ ದೇವರ ಫೋಟೋ ಇರುವ ಜಾಗದಲ್ಲಿ ಅವರು ಇಲಾಖೆಯ ಪರವಾನಗಿಯನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ಬಂದ ಕೂಡಲೇ ಮೊದಲು ಅದರ ಗಾಜು ಒರೆಸಬೇಕು, ಆಮೇಲೆ ಕುರ್ಚಿ.

ಹಳಬರೆಲ್ಲ ಹೊಸದಕ್ಕೆ ಬಗ್ಗುವುದಿಲ್ಲ ಎಂದು ಈಗಿನವರು ಹೇಳುವುದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನನ್ನ ಮೇಲೆಯೇ ಎಂಬುದು ಮುಂದೆ ನಿಮಗೆ ಗೊತ್ತಾಗುತ್ತದೆ. ಸಾಬರಷ್ಟು ಬಗ್ಗಿದವರನ್ನು ನಾನು ನೋಡಿಲ್ಲ. "ನಾನು ಕುಂತ ಜಾಗ ಬಿಟ್ಟು ಅಲ್ಲಾಡಿಲ್ಲ ತಾಯಿ. ಮೊದ್ಲು ಶಿವಮೊಗ್ಗ ಜಿಲ್ಲೆ ಅಂತ ಬರೀತಿದ್ದೆ. ಜಿಲ್ಲೆ ಎದ್ದು ಹೋಯ್ತು, ದಾವಣಗೆರೆ ಬಂತು. ಈಗ ನಮ್ಮೂರೇ ತಾಲ್ಲೂಕ್ ಆಗಿ ಹೊನ್ನಾಳಿ ಬಿಟ್ಟು ಹೋಯ್ತು. ನಾನು ಮಾತ್ರ ಇಲ್ಲೇ ಇದ್ದೀನಿ" ಎನ್ನುತ್ತಿದ್ದರು. ನ್ಯಾಮತಿ ತಾಲ್ಲೂಕಾದ ವಾರ, ಒಂದು ನೋಟ್‌ಬುಕ್ ತಂದು ಶಾಲೆಯ ಮಕ್ಕಳ ಹಾಗೆ 'ನ್ಯಾಮತಿ ತಾಲ್ಲೂಕು, ನ್ಯಾಮತಿ ತಾಲ್ಲೂಕು' ಎಂದು ಪುಟಗಟ್ಟಲೆ ಬರೆದರು. ತಲೆಗೆ ಗೊತ್ತಾದರೆ ಸಾಲದು, ಕೈಗೂ ಗೊತ್ತಾಗಬೇಕು, ಇಲ್ಲದಿದ್ದರೆ ಅದು ಹಳೆ ಚಾಳಿಗೆ ಹೊನ್ನಾಳಿ ಎಂದೇ ಬರೆದುಬಿಡುತ್ತದೆ ಎಂಬುದು ಅವರ ವಾದ. ಸಾಲಿನ ಉಳಿದ ಬರಹಗಾರರು ನಕ್ಕರು. ಆ ತಿಂಗಳು ಪತ್ರ ವಾಪಸು ಬಂದದ್ದು ನಕ್ಕವರದೇ.

ಪತ್ರದ ಕೊನೆಯಲ್ಲಿ, ಬರೆಸಿದವರ ಸಹಿ, ಸಾಕ್ಷಿಗಳ ಸಹಿ ಎಲ್ಲ ಮುಗಿದ ಮೇಲೆ ಇನ್ನೊಂದು ಸಾಲು ಇರುತ್ತಿತ್ತು. ಬಿಕ್ಕಲಂ. ಅದರ ಮುಂದೆ ಬರೆದವನ ಹೆಸರು, ಸಹಿ. ಹಳೆಯ ದಫ್ತರದ ಮಾತು, 'ಇವನ ಕಲಮಿನಿಂದ' ಎಂದು ಅರ್ಥ ಎಂದು ಸಾಬರೇ ನನಗೆ ಹೇಳಿಕೊಟ್ಟದ್ದು. ಉಳಿದ ಬರಹಗಾರರು ಅಲ್ಲಿ ಗೀಚಿ ಮುಗಿಸುತ್ತಿದ್ದರು. ಸಾಬರು ಮಾತ್ರ ಆ ಸಾಲಿಗೆ ಬಂದಾಗ ಪೆನ್ನಿನ ತುದಿಯನ್ನು ಒಮ್ಮೆ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ದುಂಡಗೆ ಬರೆಯುತ್ತಿದ್ದರು.

ಊರಿನ ಸುದ್ದಿಗೂ ಅವರಿಗೆ ಅದೇ ಅಳತೆ. ಯಾರದೋ ಮನೆಯ ಹುಡುಗಿ ಯಾರ ಜೊತೆಗೋ ಹೋದಳಂತೆ ಎಂದು ಯಾರಾದರೂ ಪಿಸುಗುಟ್ಟಿದರೆ "ಬಿಕ್ಕಲಂ ಯಾರ್ದು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು. ಒಮ್ಮೆ ಒಂದು ಕೃಷ್ಣನ ಗುಡಿಯವರು ಜಾಗದ ಪತ್ರ ಬರೆಸಲು ಬಂದರು. ಅವರಲ್ಲೊಬ್ಬರು ಕುಚೋದ್ಯಕ್ಕೆ, ಇಮಾಮ್ ಸಾಬಿಗೂ ಗೋಕುಲಾಷ್ಟಮಿಗೂ ಏನು ಸಂಬಂಧ ಎಂಬ ಗಾದೆ ತೆಗೆದರು. ಸಾಬರು ತಲೆಯೆತ್ತದೆ, "ಸಂಬಂಧ ಇಲ್ಲ ಅಂತ ಬರ್ದೋರು ಯಾರ್ರೀ? ಬಿಕ್ಕಲಂ ತೋರ್ಸಿ, ಆಮೇಲೆ ಮಾತಾಡಾಣ" ಎಂದರು. ಗಾದೆ ಹೇಳಿದವರೇ ಮೊದಲು ನಕ್ಕರು. ಆ ಗುಡಿಯ ಜಾಗಕ್ಕೆ ಇವತ್ತಿಗೂ ಅವರು ಬರೆದ ಚಕ್ಕುಬಂದಿಯೇ ಆಧಾರ.

ಆ ಒಂದು ಸಾಲು ಅವರಿಗೆ ಏಕೆ ಅಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ಕೋರ್ಟಿನಲ್ಲಿ. ಇಪ್ಪತ್ತು ವರ್ಷದ ಹಿಂದೆ ಅವರು ಬರೆದಿದ್ದ ಪತ್ರವೊಂದರ ಮೇಲೆ ದಾವೆ ಬಿದ್ದು, ಬರೆದವರನ್ನು ಸಾಕ್ಷಿಗೆ ಕರೆದಿದ್ದರು. ಕಾಗದಪತ್ರದ ಚೀಲ ಹಿಡಿದುಕೊಂಡು ನಾನೂ ಹೋಗಿದ್ದೆ. ಪತ್ರದಲ್ಲಿ ಒಂದು ಪದ ಹೊಡೆದು ತಿದ್ದಿದ್ದನ್ನು ಎದುರು ವಕೀಲರು ಹಿಡಿದುಕೊಂಡರು. ಇದನ್ನು ಆಮೇಲೆ ಯಾರೋ ತಿದ್ದಿದ್ದಲ್ಲವೇ ಎಂದರು. ಸಾಬರು ಕನ್ನಡಕ ಏರಿಸಿ ನೋಡಿ, ತಾವು ಮೂಡಲು ಬರೆಯುವ ಕಡೆ ಪಡುವಲು ಬರೆದಿದ್ದಾಗಿಯೂ, ಸಹಿಗೆ ಮುಂಚೆ ಎರಡೂ ಕಡೆಯವರಿಗೆ ಓದಿ ಹೇಳುವಾಗ ತಪ್ಪು ಸಿಕ್ಕಿತೆಂದೂ, ತಿದ್ದಿ ಪಕ್ಕದಲ್ಲಿ ಸಹಿ ಹಾಕಿದ್ದಾಗಿಯೂ ಹೇಳಿದರು. ಅಂದರೆ ನೀವು ತಪ್ಪು ಬರೆಯುವವರು ಎಂದು ಒಪ್ಪಿಕೊಳ್ಳುತ್ತೀರಿ, ಎಂದರು ವಕೀಲರು.

"ಮಾತು ಅವರ್ದು, ಅಕ್ಷರ ನಂದು ಸಾರ್. ತಪ್ಪಿದ್ರೆ ಅಕ್ಷರದೋನ್ನ ಹಿಡೀರಿ ಅಂತಾನೇ ಕೆಳಗೆ ಹೆಸ್ರು ಹಾಕಿರೋದು."

ನ್ಯಾಯಾಧೀಶರು ಬರೆಯುತ್ತಿದ್ದದ್ದನ್ನು ನಿಲ್ಲಿಸಿ ಅವರ ಮುಖ ನೋಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ಸಾಬರು ಕಡಲೆಕಾಯಿ ಕೊಡಿಸಿದರು.

ಇನ್ನು ನನ್ನ ಸಂಗತಿ. ನನ್ನ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ಜಗಳೂರಿಗೆ ದಿನಾ ಓಡಾಡಿಕೊಂಡು ಡಿಟಿಪಿ ಕಲಿತಿದ್ದೆ. ಮದುವೆಯಾಗಿ ಹೊನ್ನಾಳಿಗೆ ಬಂದ ಮೇಲೆ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಂಡು ಕೂರುವುದಕ್ಕೆ ಜಾಗ ಹುಡುಕುತ್ತಿದ್ದೆ. ಪತ್ರಗಳನ್ನು ಟೈಪು ಮಾಡಿಸಿಯೇ ತರಬೇಕು ಎಂಬ ಕಾಲ ಬಂದಿತ್ತು. ಸಾಲಿನ ಬರಹಗಾರರೆಲ್ಲ ಗೊಣಗುತ್ತಿದ್ದಾಗ ಸಾಬರು ತಾವಾಗಿ ನಮ್ಮ ಮನೆಗೆ ಬಂದು, ತಮ್ಮ ಅಂಗಡಿಯಲ್ಲಿ ಅರ್ಧ ಜಾಗ ಕೊಡುತ್ತೇನೆ, ನನಗೂ ಆ ಪೆಟ್ಟಿಗೆ ಕಲಿಸಿಕೊಡು ಎಂದರು. ಆಗ ಅವರಿಗೆ ಅರವತ್ತು ದಾಟಿತ್ತು.

ಕಲಿತರು. ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕುವ ಹಾಗೆ. ಎಫ್ ಒತ್ತಿದರೆ ಒತ್ತಕ್ಷರ ಬರುತ್ತದೆ ಎಂದು ತೋರಿಸಿದಾಗ, ಒತ್ತಿದರೆ ಒತ್ತು, ಇದರಲ್ಲಿ ಸುಳ್ಳಿಲ್ಲ ಎಂದು ಖುಷಿಪಟ್ಟರು. ಮೌಸಿನ ಬಟನ್ನುಗಳದ್ದೇ ಫಜೀತಿ. ಮೇಜು ಮೂಡಲಿಗೆ ಮುಖವಾಗಿತ್ತು, ಹಾಗಾಗಿ ನಾನು ಬಲಗಡೆಯ ಬಟನ್ ಎಂದದ್ದು ಅವರಿಗೆ ತೆಂಕಲ ಬಟನ್. ಬಾಯಿಪಾಠ ಮಾಡಿಕೊಂಡು ಸಲೀಸಾಗಿ ಒತ್ತುತ್ತಿದ್ದರು. ಸೋರುತ್ತದೆಂದು ಮಳೆಗಾಲದಲ್ಲಿ ಮೇಜನ್ನು ಎದುರು ಗೋಡೆಗೆ ತಿರುಗಿಸಿದೆ ನೋಡಿ, ತೆಂಕಲ ಬಟನ್ ಬಡಗಲಾಗಿ ಹೋಯಿತು. ಎರಡು ದಿನ ಅವರು ಒತ್ತಿದ್ದೆಲ್ಲ ತಪ್ಪು. ಮೂರನೇ ದಿನ ಬಂದವರೇ, "ಗೀತಮ್ಮ, ಆಸ್ತಿ ಅದೇ, ಮಾಲೀಕ ತಿರುಗಿ ಕುಂತಾನೆ, ಅಷ್ಟೇ" ಎಂದು ಕೆಲಸ ಶುರುಮಾಡಿದರು. ಆಮೇಲೆ ತಪ್ಪಲಿಲ್ಲ.

ನಾನು ಅವರಿಗೆ ಕಲಿಸಿದ್ದು ಇಷ್ಟು. ಅವರು ನನಗೆ ಕಲಿಸಿದ್ದರಲ್ಲಿ ನಾನು ಇವತ್ತೂ ಊಟ ಮಾಡುತ್ತಿದ್ದೇನೆ. ಖರೀದಿ ಪತ್ರ, ವಿಭಾಗ ಪತ್ರ, ದಾನ ಪತ್ರ, ಯಾವುದರಲ್ಲಿ ಯಾವ ಮಾತು ಬಿಟ್ಟರೆ ಯಾರ ಮನೆ ಮುರಿಯುತ್ತದೆ ಎಂದು ಒಂದೊಂದೂ ಬಿಡಿಸಿ ಹೇಳಿದರು. ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ್ದು ಓದುವುದನ್ನು. ಬರೆದು ಮುಗಿದ ಪತ್ರವನ್ನು ಮೊದಲ ಅಕ್ಷರದಿಂದ ಕೊನೆಯ ತನಕ ಗಟ್ಟಿಯಾಗಿ ಓದಬೇಕು, ಬರೆಸಿದವರು ಕೇಳಬೇಕು, ಕೇಳುತ್ತಾ ಅವರ ಮುಖ ಎಲ್ಲಿ ಗಂಟಿಕ್ಕಿತು ಎಂದು ನೋಡಬೇಕು. ಅದಾಗದೆ ಬಿಕ್ಕಲಂ ಸಾಲಿಗೆ ಅವರ ಪೆನ್ನು ಇಳಿಯುತ್ತಲೇ ಇರಲಿಲ್ಲ.

ಒಂದೇ ಒಂದು ಸಲ ಇಳಿಯಿತು.

ಅಷ್ಟೊತ್ತಿಗೆ ಆನ್‌ಲೈನ್ ಬಂದಿತ್ತು. ವಿವರಗಳನ್ನು ಮೊದಲೇ ಕಂಪ್ಯೂಟರಿಗೆ ತುಂಬಿ ಸಮಯ ಗೊತ್ತುಮಾಡಿಸಿಕೊಳ್ಳಬೇಕು. ಆ ಹೊತ್ತಿಗೆ ಕಚೇರಿಯೊಳಗೆ ಇಲ್ಲದಿದ್ದರೆ ಇನ್ನೊಂದು ದಿನ. ಸಾಬರಿಗೆ ಕಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತು, ಕಪ್ಪು ಕನ್ನಡಕ ಹಾಕಿಕೊಂಡೇ ಅಂಗಡಿಗೆ ಬಂದಿದ್ದರು. ಆವತ್ತು ಹೊಳೆದಂಡೆಯ ಒಂದು ಹಳ್ಳಿಯಿಂದ ಅಣ್ಣ ತಂಗಿ ಬಂದಿದ್ದರು. ತಂಗಿಯ ಹೆಸರು ಗಂಗಮ್ಮ, ಗಂಡ ತೀರಿಹೋಗಿ ತವರಿಗೆ ಬಂದವಳು. ಅಪ್ಪನ ಮನೆಯನ್ನು ಪಾಲು ಮಾಡಿಕೊಳ್ಳುತ್ತಿದ್ದರು: ಬೀದಿ ಕಡೆಯ ಅರ್ಧ ಅಣ್ಣನಿಗೆ, ಹಿಂದಿನ ಅರ್ಧ ಗಂಗಮ್ಮನಿಗೆ. ಹಿಂದಿನವಳು ಬೀದಿಗೆ ಬರಬೇಕಾದರೆ ತೆಂಕಲ ಬದಿಯ ನಾಲ್ಕು ಅಡಿ ಓಣಿಯೊಂದೇ ದಾರಿ. ಆ ಓಣಿ ಇಬ್ಬರಿಗೂ ಸೇರಿದ್ದು ಎಂದು ಇಬ್ಬರೂ ಹೇಳಿದರು. ಸಾಬರು ಅದನ್ನು ಎರಡು ಸಲ ಕೇಳಿ ನನಗೆ ಬರೆಸಿದ್ದರು.

ನಾನು ಅಣ್ಣನ ಪಾಲನ್ನು ಸರಿಯಾಗಿಯೇ ಟೈಪು ಮಾಡಿದೆ. ಗಂಗಮ್ಮನ ಪಾಲಿಗೆ ಬರುವಷ್ಟರಲ್ಲಿ ಗೊತ್ತಾದ ಸಮಯ ಹತ್ತಿರವಾಗಿತ್ತು. ಪೂರ್ತಿ ಹೊಡೆಯುತ್ತಾ ಕೂರದೆ, ಕಂಪ್ಯೂಟರಿನಲ್ಲೇ ಇದ್ದ ಅದೇ ಮನೆಯ ಹಳೆಯ ಪತ್ರದಿಂದ ನಾಲ್ಕು ಸಾಲು ಎತ್ತಿ ಅಂಟಿಸಿ, ಮೂರು ತಿದ್ದಿದೆ. ನಾಲ್ಕನೆಯದು ಹಾಗೇ ಉಳಿಯಿತು. ಹಳೆಯ ಪತ್ರದಲ್ಲಿ ತೆಂಕಲಿಗೆ ಇದ್ದದ್ದು ಪಕ್ಕದವರ ಗೋಡೆ. ಹೀಗೆ ಓಣಿಯ ಮಾತು ಅಣ್ಣನ ಪಾಲಿನಲ್ಲಿ ಮಾತ್ರ ಬಂತು, ಗಂಗಮ್ಮನ ಪಾಲಿನಲ್ಲಿ ಇಲ್ಲವೇ ಇಲ್ಲ.

ಸಾಬರು ಹಾಳೆಗಳನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ನೀನೇ ಓದು ತಾಯಿ, ನಾನು ಕೇಳ್ತೀನಿ ಎಂದರು. ಕಚೇರಿಯ ಬಾಗಿಲಲ್ಲಿ ನಮ್ಮ ಸರದಿಯ ಹೆಸರು ಕೂಗುತ್ತಿದ್ದರು. "ಓದಿದ್ದೀನಿ ಸಾಬ್ರೇ, ಎಲ್ಲ ಸರಿ ಐತೆ, ಹಾಕ್ರಿ" ಎಂದೆ. ಓದಿರಲಿಲ್ಲ. ಅವರು ನನ್ನ ಮುಖದ ಕಡೆ ತಿರುಗಿದರು. ಆ ಕಪ್ಪು ಕನ್ನಡಕದ ಹಿಂದೆ ಏನಿತ್ತೋ ಕಾಣಲಿಲ್ಲ. ಆಮೇಲೆ ಪೆನ್ನು ಒರೆಸಿಕೊಂಡು ಹೆಸರು ಹಾಕಿದರು.

ಒಂದು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಅಣ್ಣ ತಂಗಿಗೆ ಜಗಳವಾದ ದಿನ ಅಣ್ಣ ಪತ್ರ ತೆಗೆಸಿ ಓದಿಸಿದ. ಮಾರನೆಯ ದಿನ ಓಣಿಯ ಬಾಯಿಗೆ ತಗಡಿನ ಬಾಗಿಲು ಕೂರಿಸಿ ಬೀಗ ಹಾಕಿದ. ಗಂಗಮ್ಮ ಹೊರಗೆ ಬರಬೇಕಾದರೆ ಹಿಂದಿನ ಮನೆಯವರ ದನದ ಕೊಟ್ಟಿಗೆ ದಾಟಿ ಬರಬೇಕು, ಅದೂ ಅವರು ಬಿಟ್ಟರೆ. ತಿದ್ದುಪಡಿ ಪತ್ರ ಮಾಡಿಕೊಡಿ ಎಂದು ಅವಳು ಅಳುತ್ತಾ ನಮ್ಮ ಅಂಗಡಿಗೆ ಬಂದಳು. ಅದಕ್ಕೆ ಇಬ್ಬರ ಸಹಿಯೂ ಬೇಕು. ಸಾಬರು ತಾವೇ ಮೂರು ಸಲ ಆ ಹಳ್ಳಿಗೆ ಹೋಗಿ ಅಣ್ಣನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡರು. ಬರೆದದ್ದೇ ಸರಿ ಎಂದು ಅವನು ಗೋಡೆಗೊರಗಿ ಕೂತ.

ಗಂಗಮ್ಮ ಬೇರೇನು ಮಾಡಬೇಕು? ಬರೆದವನು ಅಣ್ಣನ ಜೊತೆ ಸೇರಿಕೊಂಡು ಬೇಕೆಂದೇ ಓಣಿ ಬಿಟ್ಟಿದ್ದಾನೆ ಎಂದು ಇಲಾಖೆಗೆ ದೂರು ಕೊಟ್ಟಳು.

ಗಂಗಮ್ಮ ಅಳುತ್ತಾ ಬಂದ ದಿನವೇ ನಾವಿಬ್ಬರೂ ಹಳೆಯ ಫೈಲು ತೆರೆದು ನೋಡಿದ್ದೆವು. ಅಂಟಿಸಿದ್ದು ಪರದೆಯ ಮೇಲೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಸಾಬರು ಏನೂ ಬೈಯಲಿಲ್ಲ. ಕುರ್ಚಿಯಿಂದ ಎದ್ದು, ಹೊರಗೆ ಹೋಗಿ, ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತರು. ಬೈದಿದ್ದರೆ ನಾನು ಬೇರೆಯವಳಾಗುತ್ತಿದ್ದೆನೇನೋ ಎಂದು ಆಮೇಲೆಷ್ಟೋ ಸಲ ಅಂದುಕೊಂಡಿದ್ದೇನೆ. ಅದೂ ಒಂದು ನೆಪವೇ.

ವಿಚಾರಣೆಗೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಒಳ್ಳೆಯ ಮನುಷ್ಯರೇ. ಸಾಬರನ್ನು ಕುರ್ಚಿಯ ಮೇಲೆ ಕೂರಿಸಿ ಮಾತಾಡಿಸಿದರು. ಬೇಕಾಗಬಹುದೆಂದು ನಾನು ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದೆ. ನಿಮಗೆ ಕಣ್ಣಿನ ತೊಂದರೆ ಇತ್ತು ಎಂದು ಕೇಳಿದ್ದೇನೆ, ಇದನ್ನು ಟೈಪು ಮಾಡಿದವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಅವರೇ ಕೇಳಿದರು. ಆ ಪ್ರಶ್ನೆಯಲ್ಲಿ ಸಾಬರ ಪರವಾನಗಿ ಉಳಿಯುವ ದಾರಿಯಿತ್ತು. ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು.

ಸಾಬರು ಕುರ್ಚಿಯಲ್ಲಿ ಮೈ ತಿರುಗಿಸಿ ನನ್ನ ಕಡೆ ನೋಡಿದರು. ಅಧಿಕಾರಿಯೂ ಕಾದರು. ಆ ತಿಂಗಳು ನಾನು ನನ್ನದೇ ಸೇವಾ ಕೇಂದ್ರಕ್ಕೆ ಅರ್ಜಿ ಹಾಕಿದ್ದೆ. ನನ್ನ ಮೇಲೆ ಯಾವ ದೂರೂ ಇಲ್ಲ ಎಂದು ಅದರಲ್ಲಿ ಬರೆದುಕೊಟ್ಟಿದ್ದೆ. ಬಾಯಿಯ ತನಕ ಮಾತು ಬಂದಿತ್ತು, ಬರಲಿಲ್ಲ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಬಾಯಿಯ ತನಕವೂ ಬಂದಿರಲಿಲ್ಲ. ನಾನು ನನ್ನ ಚಪ್ಪಲಿ ನೋಡಿಕೊಂಡು ನಿಂತಿದ್ದೆ.

"ಬಿಕ್ಕಲಂ ನಂದೇ ಐತಲ್ಲ ಸಾರ್" ಎಂದರು ಸಾಬರು. "ಬ್ಯಾರೆ ಯಾರನ್ನ ಕೇಳ್ತೀರಿ?"

ಹೊರಗೆ ಬಂದ ಮೇಲೆ, ಅವರು ನನಗಾಗಿ ತಪ್ಪು ಹೊತ್ತುಕೊಂಡರು ಎಂಬ ಸಂಕಟದಲ್ಲಿ ನಾನು ಅಳುವುದಕ್ಕೆ ಶುರುಮಾಡಿದೆ. ಅವರು ನನಗೆ ಆ ಸಮಾಧಾನವನ್ನೂ ಉಳಿಸಲಿಲ್ಲ. "ನಿನ್ನ ಉಳ್ಸಾಕೆ ಹೇಳಿದ್ದಲ್ಲ ಅದು. ನೀನು ಬಾಯಿ ಬಿಟ್ಟಿದ್ರೂ ನಾನು ನಂದೇ ಅಂತಿದ್ದೆ. ಆದ್ರೂ ನೀನು ಬಾಯಿ ಬಿಡಬೇಕಿತ್ತು ಗೀತಮ್ಮ" ಎಂದರು. ಅಷ್ಟು ಹೇಳಿ ನ್ಯಾಮತಿ ಬಸ್ಸಿಗೆ ಹೋದರು.

ಪರವಾನಗಿ ರದ್ದಾಯಿತು. ಬೇಕೆಂದು ಮಾಡಿದ್ದಲ್ಲ, ಅಜಾಗರೂಕತೆ ಎಂದು ಆದೇಶದಲ್ಲಿ ಬರೆದಿದ್ದರು. ಊರಿನಲ್ಲಿ ಅದನ್ನು ಓದಿದವರು ಯಾರು? ಸಾಬ್ರು ಅಣ್ಣನ ಕಡೆಯಿಂದ ದುಡ್ಡು ತಿಂದು ಹೆಣ್ಣುಮಗಳ ದಾರಿ ಮುಚ್ಚಿದರಂತೆ ಎಂಬ ಮಾತು ಹೊಳೆಯ ಆಚೆಗೂ ಹೋಯಿತು. ಬಿಕ್ಕಲಂ ಯಾರದು ಎಂದು ಕೇಳುವವರು ಅಂಗಡಿಯಲ್ಲಿ ಇರಲಿಲ್ಲ. ಅವರು ಕೊನೆಯ ದಿನ ಬಂದು, ಗೋಡೆಯ ಮೇಲಿನ ಪರವಾನಗಿಯ ಕಟ್ಟನ್ನು ಇಳಿಸಿ ಪೇಪರಿನಲ್ಲಿ ಸುತ್ತಿಕೊಂಡು, ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. ಬಾಡಿಗೆಯ ಅಂಗಡಿ, ನನ್ನ ಹೆಸರಿಗೆ ಮಾಡಿಸಿಕೊಂಡೆ. ಎರಡು ತಿಂಗಳಲ್ಲಿ ನನ್ನ ಸೇವಾ ಕೇಂದ್ರದ ಬೋರ್ಡು ಅಲ್ಲಿಯೇ ಏರಿತು.

ಆಮೇಲೆ ನಾನು ಬೆಳೆದೆ. ಈ ಮಾತನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆ. ಹೊಸ ತಂತ್ರಾಂಶ ಬಂದ ಹಾಗೆಲ್ಲ ಮೊದಲು ಕಲಿಯುವವಳು ನಾನೇ ಆದೆ. ಇಬ್ಬರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಂಡೆ. ತರಬೇತಿಗಳಿಗೆ ಕರೆಯತೊಡಗಿದರು. ಚನ್ನಗಿರಿಯಲ್ಲಿ ಹೆಣ್ಣುಮಕ್ಕಳ ಸಂಘದವರು ಏರ್ಪಡಿಸಿದ್ದ ಒಂದು ಕಾರ್ಯಕ್ರಮದಲ್ಲಿ ನನ್ನ ಹೆಸರಿನ ಕೆಳಗೆ 'ಕೆಲಸದಲ್ಲಿ ಬೆಳವಣಿಗೆ, ಬದಲಾವಣೆಗೆ ಹೊಂದಿಕೊಳ್ಳುವ ಬಗೆ' ಎಂದು ಬ್ಯಾನರಿನಲ್ಲಿ ಹಾಕಿಸಿದ್ದರು. ಮೈಕು ಹಿಡಿದು ಅರ್ಧ ಗಂಟೆ ಮಾತಾಡಿದೆ. ಮಾತಿನ ಭರದಲ್ಲಿ ಒಂದು ಉದಾಹರಣೆ ಬೇಕಾಯಿತು. ನಮ್ಮ ಅಂಗಡಿಯಲ್ಲಿ ಒಬ್ಬ ಹಿರಿಯ ಪತ್ರ ಬರಹಗಾರರಿದ್ದರು, ಒಳ್ಳೆಯವರೇ, ಆದರೆ ಹೊಸ ಕಾಲದ ವೇಗಕ್ಕೆ ಹೊಂದಿಕೊಳ್ಳಲಾಗದೆ ಹಿಂದೆ ಉಳಿದರು ಎಂದೆ. ಪಾಪ ಎಂಬ ಹಾಗೆ ಮುಂದಿನ ಸಾಲಿನವರು ತಲೆಯಾಡಿಸಿದರು. ಕೊನೆಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಅರವತ್ತು ದಾಟಿದ ಮೇಲೆ ಒಂದೇ ಬೆರಳಿನಲ್ಲಿ ಕನ್ನಡ ಟೈಪು ಕಲಿತವರನ್ನು ನಾನು ಹಿಂದುಳಿದವರೆಂದು ಹೇಳಿ ಶಾಲು ಹೊದ್ದುಕೊಂಡು ಬಂದೆ. ಇದಕ್ಕಿಂತ ಕೀಳು ಕೆಲಸ ನಾನು ಬೇರೆ ಮಾಡಿಲ್ಲ. ಹೊಂದಿಕೊಳ್ಳುವುದು ಎಂದರೆ ಏನೆಂದು ನಾನು ಕಲಿತದ್ದು ಇದು: ಹೆಸರು ಹಾಕುವ ಜಾಗದಿಂದ ಮೆಲ್ಲಗೆ ದೂರ ಸರಿಯುವುದು.

ಆಮೇಲೆ ಸಾಬರನ್ನು ಕಂಡದ್ದು ಒಂದೇ ಸಲ. ಅವರು ಅಂಗಡಿ ಬಿಟ್ಟು ಎರಡು ವರ್ಷವಾಗಿತ್ತು. ಬೆಳಗ್ಗೆ ಅಂಗಡಿ ತೆರೆದು ಕಸ ಗುಡಿಸುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದರು. ಮೈ ಇಳಿದುಹೋಗಿತ್ತು, ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಕೆಲಸ ಐತೆ, ಮಾಡಿಕೊಡ್ತೀಯಾ ಎಂದು ಕೇಳಿದರು, ಗಿರಾಕಿಗಳು ಕೇಳುವ ಹಾಗೆಯೇ. ನ್ಯಾಮತಿಯ ಮನೆಯನ್ನು ಮಗಳು ಮೆಹರುನ್ ಹೆಸರಿಗೆ ದಾನ ಪತ್ರ ಮಾಡಬೇಕಿತ್ತು. ಮೆಹರುನ್ ಚನ್ನಗಿರಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬೇರೆ ಕಡೆ ಹೋಗದೆ ನನ್ನ ಹತ್ತಿರವೇ ಏಕೆ ಬಂದರು ಎಂದು ನಾನು ಕೇಳದಿದ್ದರೂ ಅವರೇ ಹೇಳಿದರು, ಈ ಸಾಲಿನಲ್ಲಿ ವಿಭಾಗ, ದಾನದ ಭಾಷೆ ತಿಳಿದವಳು ನೀನೊಬ್ಬಳೇ, ಕಲಿಸಿದವನಿಗೆ ಗೊತ್ತಿಲ್ಲವೇ ಎಂದು.

ಕುರ್ಚಿ ಕೊಟ್ಟೆ. ಟೀ ತರಿಸಿದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನಿಸಿ, "ಸಾಬ್ರೇ, ಅವತ್ತು ನಾನು..." ಎಂದು ಶುರುಮಾಡಿದೆ.

"ನನ್ ಹತ್ರ ಯಾಕೆ ಹೇಳ್ತೀಯ? ನಂಗೆ ಗೊತ್ತಿರೋದೇ" ಎಂದರು. "ಗಂಗಮ್ಮನ ಹತ್ರ ಹೇಳು. ಆಕಿ ಇವತ್ತೂ ಕೊಟ್ಟಿಗೆ ದಾಟೇ ಬರ್ತಾಳೆ."

ನಾನು ಟೈಪು ಮಾಡಿದೆ. ಚಕ್ಕುಬಂದಿಯನ್ನು ಅವರು ಕಣ್ಣು ಮುಚ್ಚಿಕೊಂಡು ಹೇಳಿದರು. ಮುಗಿದ ಮೇಲೆ ಹಾಳೆಗಳನ್ನು ತೆಗೆದುಕೊಂಡು ಮೊದಲ ಅಕ್ಷರದಿಂದ ಗಟ್ಟಿಯಾಗಿ ಓದಿದರು, ಕೇಳುವುದಕ್ಕೆ ನಾನೊಬ್ಬಳೇ ಇದ್ದರೂ. ಒಂದು ಕಡೆಯೂ ನಿಲ್ಲಲಿಲ್ಲ. ತಪ್ಪಿಲ್ಲ ಎಂದರು. ಆ ಒಂದು ಮಾತಿಗೆ ನನಗೆ ಎಷ್ಟು ಹಿಗ್ಗಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಮೇಲೆ ಕೊನೆಯ ಹಾಳೆಯನ್ನು ತಿರುಗಿಸಿ, ಹಿಂಬದಿ ನೋಡಿ, ಮತ್ತೆ ಮುಂಬದಿ ನೋಡಿದರು.

"ಬಿಕ್ಕಲಂ ಎಲ್ಲಿ?"

ಈಗ ನಾವು ಬಳಸುವ ನಮೂನೆಯಲ್ಲಿ ಆ ಸಾಲು ಇಲ್ಲ, ಯಾರೂ ಹಾಕುವುದಿಲ್ಲ ಎಂದು ಹೇಳಿದೆ.

"ಹಾಕಬಾರ್ದು ಅಂತ ಐತಾ?"

ಹಾಗೇನಿಲ್ಲ ಎಂದೆ. ನಿಜವಾಗಿಯೂ ಹಾಗೇನೂ ಇರಲಿಲ್ಲ. ಹಾಕಿ ಎಂದೂ ಯಾರೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ, ನಾವಾಗಿ ಬಿಟ್ಟುಬಿಟ್ಟಿದ್ದೆವು. ಸಾಬರು ಜೇಬಿನಿಂದ ತಮ್ಮ ಪೆನ್ನು ತೆಗೆದು, ತುದಿ ಒರೆಸಿ, ನನ್ನ ಮುಂದೆ ಹಿಡಿದರು. "ಹಂಗಾದ್ರೆ ಹಾಕು. ನಿನ್ ಹೆಸ್ರು" ಎಂದರು.

ತಪ್ಪಿಲ್ಲದ ಪತ್ರ. ಅವರೇ ಓದಿ ನೋಡಿದ್ದ ಪತ್ರ. ನನ್ನ ಹೆಸರು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಬರೆದರೆ ಅದು ಅಲ್ಲಿಯೇ ಇರುತ್ತದೆ, ಮೂವತ್ತು ವರ್ಷದ ಮೇಲೆ ಯಾರೋ ಹಿಡಿದು ಕೇಳುವ ತನಕ. ಆಫೀಸಿನಲ್ಲಿ ತಕರಾರು ತೆಗೆಯುತ್ತಾರೆ ಸಾಬ್ರೇ, ಕೆಲಸ ನಿಂತುಹೋಗುತ್ತೆ ಎಂದೆ. ಅದು ಸುಳ್ಳೆಂದು ಆ ಕಚೇರಿಯ ಎದುರು ನಲವತ್ತು ವರ್ಷ ಕೂತವರಿಗೆ ನಾನು ಹೇಳಿದೆ.

ಅವರು ಪೆನ್ನನ್ನು ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದರು. "ಆಯ್ತು ಬಿಡು" ಎಂದು ಮುಚ್ಚಳ ಹಾಕಿ ಜೇಬಿಗೆ ಇಟ್ಟುಕೊಂಡರು. ಟೀ ಕುಡಿದಿರಲಿಲ್ಲ, ಕೆನೆ ಕಟ್ಟಿತ್ತು. ಸಮಯ ಬಂದಾಗ ಎದ್ದು ರಸ್ತೆ ದಾಟಿ ಕಚೇರಿಗೆ ಹೋದರು. ಕೆಲಸ ಮುಗಿಸಿ ಯಾವಾಗ ಹೋದರೋ ನಾನು ನೋಡಲಿಲ್ಲ.

ನಾಲ್ಕು ತಿಂಗಳಿಗೆ ಸುದ್ದಿ ಬಂತು, ನಿದ್ದೆಯಲ್ಲಿಯೇ ಹೋದರಂತೆ. ನ್ಯಾಮತಿಗೆ ಹೋಗಬೇಕೆಂದು ಸೀರೆ ಬದಲಿಸಿಕೊಂಡವಳು ಬಸ್‌ಸ್ಟ್ಯಾಂಡಿನ ತನಕ ನಡೆದು ವಾಪಸು ಬಂದೆ. ಗಂಗಮ್ಮನ ಹಳ್ಳಿಗೂ ನಾನು ಇನ್ನೂ ಹೋಗಿಲ್ಲ. ಹೊನ್ನಾಳಿಯಿಂದ ಅರ್ಧ ಗಂಟೆಯ ದಾರಿ.

ಹೋದ ತಿಂಗಳು ಮೆಹರುನ್ ಬಂದಿದ್ದಳು. ಮನೆಯ ಖಾತೆ ತನ್ನ ಹೆಸರಿಗೆ ಆಗಬೇಕು, ಅರ್ಜಿ ತುಂಬಿಕೊಡಿ ಅಕ್ಕಾ ಎಂದಳು. ಅಪ್ಪನದೇ ಮೂಗು, ಅಪ್ಪನದೇ ಹಣೆ. ನಾನು ಅರ್ಜಿ ತುಂಬುತ್ತಿದ್ದ ಹಾಗೆ ಅವಳು ದಾನ ಪತ್ರವನ್ನು ಹಿಂದಿನಿಂದ ಮುಂದಕ್ಕೆ ತಿರುವಿ ಹಾಕುತ್ತಿದ್ದಳು.

"ಯಾವ ಪತ್ರ ಆದ್ರೂ ಮೊದ್ಲು ಕೊನೇ ಹಾಳೆ ನೋಡು ಅಂತಿದ್ರು ನಮ್ಮ ಅಬ್ಬಾ. ಇದ್ರಾಗೆ ಬರ್ದೋರ ಹೆಸ್ರೇ ಇಲ್ವಲ್ಲ ಅಕ್ಕಾ. ಯಾರು ಬರ್ದಿದ್ದು ಇದು?"

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಈಗ ಯಾರೂ ಬರಿಯಲ್ಲಮ್ಮ. ಎಲ್ಲಾ ಕಂಪ್ಯೂಟರೇ ಬರ್ಕೊಂತೈತೆ" ಎಂದೆ.

ಮೆಹರುನ್ ನಂಬಿದಳು. ಹಾಳೆಗಳನ್ನು ಜೋಡಿಸಿ, ಮಡಿಸಿ, ಬ್ಯಾಗಿಗೆ ಹಾಕಿಕೊಂಡಳು.